ಕಾಂಕ್ರೀಟ್ ಸ್ಲ್ಯಾಬ್ ಮೇಲೆ ಲ್ಯಾಮಿನೇಟ್ ಹಾಕುವ ಮೊದಲು ತೇವ ನೋಡಿ

ಸೆಕೆ ಜಾಸ್ತಿ ಇರುವ ಕಡೆ ಲ್ಯಾಮಿನೇಟ್ ನೆಲ ಉಬ್ಬಿದರೆ ಎಲ್ಲರೂ ಬಿಸಿಲನ್ನೇ ಬೈಯುತ್ತಾರೆ. ಆದರೆ ಬಹಳ ಸಲ ಕೆಲಸ ಕೆಡಿಸುವುದು ತೇವ. ಹಲಗೆಯ ಒಳಗಿರುವುದು ಮರದ ನಾರನ್ನು ಒತ್ತಿ ಮಾಡಿದ ಬೋರ್ಡ್ ಅಲ್ವಾ, ಅದು ತೇವ ಕುಡಿದರೆ ಹಿಗ್ಗುತ್ತದೆ.

ಸ್ಲ್ಯಾಬ್ ಮೇಲೆ ಕೈಯಿಟ್ಟು ಒಣಗಿದೆ ಅಂದುಕೊಳ್ಳಬೇಡಿ. ಬಿಸಿಲಿಗೆ ಮೇಲ್ಮೈ ಬೇಗ ಒಣಗುತ್ತದೆ, ಒಳಗೆ ನೀರಿನಂಶ ಹಾಗೇ ಇರುತ್ತದೆ. ಹೊಸ ಕಾಂಕ್ರೀಟಿಗೆ ಸುಮಾರು 2.5 ಸೆಂಟಿಮೀಟರ್ ದಪ್ಪಕ್ಕೆ ಒಂದು ತಿಂಗಳು ಅನ್ನುವುದು ಅಂದಾಜು ಲೆಕ್ಕ, ಅಂದರೆ 10 ಸೆಂಟಿಮೀಟರ್ ಸ್ಲ್ಯಾಬ್‌ಗೆ ನಾಲ್ಕು ತಿಂಗಳು ಕಾಯಬೇಕು. ಸುಮಾರು 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪ್ ಒತ್ತಿ, ಎರಡು ಮೂರು ದಿನ ಬಿಟ್ಟು ಕಿತ್ತು ನೋಡಿ. ಹಾಳೆಯ ಅಡಿಯಲ್ಲಿ ಸಣ್ಣ ಹನಿ ಕಂಡರೆ, ಇಲ್ಲವೇ ಆ ಜಾಗದ ಕಾಂಕ್ರೀಟ್ ಮಾತ್ರ ಕಪ್ಪಾಗಿದ್ದರೆ, ಇನ್ನೂ ಕಾಯಿರಿ. ಏನೂ ಕಾಣದಿದ್ದರೂ ತೇವ ಅಳೆಯುವ ಮೀಟರ್ ಸಿಕ್ಕರೆ ಅದರಲ್ಲೂ ಒಮ್ಮೆ ನೋಡಿಬಿಡಿ.

ಆಮೇಲೆ ಮಟ್ಟ. ಎರಡು ಮೀಟರ್ ಉದ್ದದ ನೇರ ಪಟ್ಟಿ ಇಟ್ಟಾಗ ಅಡಿಯಲ್ಲಿ 3 ಮಿಲಿಮೀಟರ್‌ಗಿಂತ ಜಾಸ್ತಿ ಸಂದು ಕಂಡರೆ ಉಬ್ಬು ಉಜ್ಜಿ, ತಗ್ಗು ತುಂಬಿ. ಇಲ್ಲದಿದ್ದರೆ ಕಾಲಿಟ್ಟಲ್ಲೆಲ್ಲ ನೆಲ ಕುಣಿಯುತ್ತದೆ, ಕೊನೆಗೆ ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸುವ ಅಂಚಿನ ಲಾಕ್ ಮುರಿಯುತ್ತದೆ.

ಹಲಗೆಯ ಪೆಟ್ಟಿಗೆಗಳನ್ನು ಅದೇ ಕೋಣೆಯಲ್ಲಿ 48 ಗಂಟೆ ಮಲಗಿಸಿಡಿ. ಎಸಿ ಬಳಸುವ ಕೋಣೆಯಾದರೆ ಆಗಲೂ ಹಾಕಿಡಿ, ನಾಳೆ ಆ ಹಲಗೆ ಬಾಳಬೇಕಾದದ್ದು ಅದೇ ಗಾಳಿಯಲ್ಲಿ. ಬಿಸಿಲು ನೇರ ಬೀಳುವ ಕಿಟಕಿಯ ಹತ್ತಿರ ಇಡಬೇಡಿ.

ನೆಲದ ಮೇಲೆ 0.2 ಮಿಲಿಮೀಟರ್ ಪಾಲಿಥೀನ್ ಶೀಟ್ ಹಾಸಿ. ಶೀಟಿನ ಅಂಚುಗಳು ಒಂದರ ಮೇಲೊಂದು 20 ಸೆಂಟಿಮೀಟರ್ ಬರಲಿ, ಟೇಪ್ ಹಾಕಿ, ಗೋಡೆಯ ಕಡೆ ಸ್ವಲ್ಪ ಮೇಲಕ್ಕೆ ಮಡಚಿ. ಅದರ ಮೇಲೆ 2 ಅಥವಾ 3 ಮಿಲಿಮೀಟರ್ ಫೋಮ್ ಸಾಕು. ಮೆತ್ತಗಿರಲಿ ಅಂತ ಎರಡು ಪದರ ಹಾಕಬೇಡಿ.

ಹಲಗೆ ಕೂರಿಸುವುದು ಸುಲಭ. ಪಕ್ಕದ ಸಾಲಿನ ಜೋಡಣೆಯಿಂದ 30 ಸೆಂಟಿಮೀಟರ್ ಆಚೆ ಈಚೆ ಜರುಗಿಸುತ್ತಾ ಹೋಗಿ, ಕೊನೆಯ ಸಾಲು 5 ಸೆಂಟಿಮೀಟರ್‌ಗಿಂತ ಕಿರಿದಾಗದ ಹಾಗೆ ಮೊದಲೇ ಅಳೆದುಕೊಳ್ಳಿ.

ಗೋಡೆಯ ಸುತ್ತ 10 ಮಿಲಿಮೀಟರ್ ಖಾಲಿ ಜಾಗವನ್ನು ದಯವಿಟ್ಟು ಮರೆಯದೆ ಬಿಡಿ. ಎಲ್ಲರೂ ತಪ್ಪುವುದು ಬಾಗಿಲ ಚೌಕಟ್ಟಿನ ಹತ್ತಿರ. ಅಲ್ಲಿ ಸಂದು ಕಾಣಬಾರದು ಅಂತ ಹಲಗೆಯನ್ನು ಮರಕ್ಕೆ ತಾಗಿಸಿ ಕತ್ತರಿಸುತ್ತಾರೆ, ಆ ಒಂದೇ ಮೂಲೆ ಸಾಕು, ಹಿಗ್ಗಲು ದಾರಿ ಸಿಗದೆ ನೆಲ ಕೋಣೆಯ ನಡುವೆ ಎದ್ದು ನಿಲ್ಲುತ್ತದೆ. ಅದರ ಬದಲು ಹಲಗೆ ಮತ್ತು ಫೋಮಿನ ದಪ್ಪದಷ್ಟು ಚೌಕಟ್ಟಿನ ಬುಡವನ್ನೇ ಗರಗಸದಿಂದ ಕೊಯ್ದು, ಹಲಗೆಯನ್ನು ಒಳಗೆ ತೂರಿಸಿ, ಅಲ್ಲೂ ಸಂದು ಉಳಿಸಿ. ಸ್ಕರ್ಟಿಂಗ್, ಅಂದರೆ ಗೋಡೆಯ ಬುಡಕ್ಕೆ ಹಾಕುವ ಪಟ್ಟಿಯ ಮೊಳೆ ಗೋಡೆಗೇ ಹೊಡೆಯಬೇಕು, ನೆಲಕ್ಕಲ್ಲ. ಗೋಡೆಗೆ ಕೂರಿಸುವ ಭಾರದ ಕಪಾಟುಗಳನ್ನೂ ಹಲಗೆಯ ಮೇಲೆ ನಿಲ್ಲಿಸಬೇಡಿ, ಅವೂ ನೆಲವನ್ನು ಹಿಡಿದುಬಿಡುತ್ತವೆ.

ಒರೆಸುವಾಗ ಬಟ್ಟೆಯನ್ನು ಚೆನ್ನಾಗಿ ಹಿಂಡಿ. ನೀರು ಸುರಿದು ತೊಳೆಯುವ ನೆಲ ಇದಲ್ಲ.