ಹಾಲಿನ ಅಲರ್ಜಿ ಇರುವ ಮಗುವಿಗೆ ಲಸಿಕೆ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಹಾಲಿನ ಅಲರ್ಜಿ ಇದೆ ಎಂಬ ಒಂದೇ ಕಾರಣಕ್ಕೆ ಯಾವ ಲಸಿಕೆಯನ್ನೂ ಬಿಡಬೇಕಾಗಿಲ್ಲ, ಮುಂದೂಡಬೇಕಾಗಿಯೂ ಇಲ್ಲ. ಗೊತ್ತಿರಬೇಕಾದದ್ದು ಎರಡು: ಯಾವ ಲಸಿಕೆಯಲ್ಲಿ ಹಾಲಿನ ಅಂಶ ಎಷ್ಟಿರುತ್ತದೆ, ಚುಚ್ಚಿಸಿದ ಮೇಲೆ ಎಲ್ಲಿ ಎಷ್ಟು ಹೊತ್ತು ಕೂರಬೇಕು.

ಮೊದಲು ಅದು ಅಲರ್ಜಿಯೇ ಎಂದು ಖಚಿತ ಮಾಡಿಕೊಳ್ಳಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುವುದು ಲ್ಯಾಕ್ಟೋಸ್ ಎಂಬ ಸಕ್ಕರೆ ಜೀರ್ಣವಾಗದ ತೊಂದರೆ. ಲಸಿಕೆಗೂ ಅದಕ್ಕೂ ಸಂಬಂಧವಿಲ್ಲ. ಹಾಲು, ಮೊಸರು, ಪೇಡ ತಿಂದ ಕೆಲವೇ ನಿಮಿಷಗಳಲ್ಲಿ ಮೈಮೇಲೆ ಗಂದೆ ಎದ್ದು, ತುಟಿ ಊದಿ, ವಾಂತಿಯಾದರೆ ಅದು ಹಾಲಿನ ಪ್ರೋಟೀನಿಗೆ ಅಲರ್ಜಿ. ಲಸಿಕೆಗೆ ಮುನ್ನ ಕೊಡುವ ಫಾರ್ಮಿನಲ್ಲಿ ‘ಹಾಲು ಆಗುವುದಿಲ್ಲ’ ಎಂದಷ್ಟೇ ಬರೆದರೆ ನರ್ಸಿಗೆ ಏನೂ ತಿಳಿಯುವುದಿಲ್ಲ. ಎಷ್ಟು ತಿಂದಾಗ, ಎಷ್ಟು ಹೊತ್ತಿನಲ್ಲಿ, ಏನಾಯಿತು, ಕೊನೆಯ ಸಲ ಯಾವಾಗ ಎಂಬುದನ್ನು ಬರೆಯಿರಿ.

ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುವಿಗೆ ಇಲ್ಲಿ ಕೊಡುವ ಡಿಟ್ಯಾಪ್ ಲಸಿಕೆಯ ಬ್ಯಾಕ್ಟೀರಿಯಾವನ್ನು ಕೇಸಿನ್ ಎಂಬ ಹಾಲಿನ ಪ್ರೋಟೀನಿನಿಂದ ಮಾಡಿದ ದ್ರವದಲ್ಲಿ ಬೆಳೆಸುತ್ತಾರೆ. ಶುದ್ಧಮಾಡಿದ ಮೇಲೂ ಚೂರು ಉಳಿಯುತ್ತದೆ. ಹಾಲಿನ ಅಲರ್ಜಿ ತೀವ್ರವಾಗಿದ್ದ 8 ಮಕ್ಕಳಿಗೆ ಬೂಸ್ಟರ್ ಡೋಸಿನ ನಂತರ ಅಲರ್ಜಿಯಾದದ್ದು 2011ರಲ್ಲಿ ವರದಿಯಾಯಿತು. ಆಗ ಪರೀಕ್ಷಿಸಿದ ಲಸಿಕೆಗಳಲ್ಲಿ ಕಂಡದ್ದು ಮಿಲಿಲೀಟರಿಗೆ ಸುಮಾರು 8ರಿಂದ 18 ನ್ಯಾನೊಗ್ರಾಂ ಕೇಸಿನ್. ಒಂದು ಡೋಸ್ ಎಂದರೆ ಅರ್ಧ ಮಿಲಿಲೀಟರ್. ಒಂದೇ ಒಂದು ತೊಟ್ಟು ಹಸುವಿನ ಹಾಲಿನಲ್ಲಿ ಅದರ ಲಕ್ಷಪಟ್ಟಿಗೂ ಹೆಚ್ಚು ಇರುತ್ತದೆ. ಹಾಗಾಗಿಯೇ ಇಲ್ಲಿನ ನಿಯಮಗಳು ಹಾಲಿನ ಅಲರ್ಜಿಯನ್ನು ಡಿಟ್ಯಾಪ್ ನಿಲ್ಲಿಸುವ ಕಾರಣವೆಂದು ಪರಿಗಣಿಸಿಲ್ಲ. ಕೈಗೆ ಅಂಟಿದ ಹಾಲಿಗೂ ಉಸಿರುಗಟ್ಟುವಷ್ಟು ತೀವ್ರವಾಗಿದ್ದರೆ ಮಾತ್ರ ಔಷಧದಂಗಡಿಯಲ್ಲಿ ಚುಚ್ಚಿಸದೆ, ಅಲರ್ಜಿ ತಜ್ಞರನ್ನು ಕೇಳಿಕೊಂಡು ಡಾಕ್ಟರ ಕ್ಲಿನಿಕ್ಕಿನಲ್ಲೇ ಹಾಕಿಸಿ.

ಊರಿಂದ ತಂದ ಲಸಿಕೆ ಕಾರ್ಡಿನ ವಿಷಯ ಬೇರೆ. ಭಾರತದಲ್ಲಿ 9 ತಿಂಗಳಿಗೆ ಕೊಡುವ ಎಂಆರ್ (ದಡಾರ, ರುಬೆಲ್ಲಾ ಲಸಿಕೆ) ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಹುಟ್ಟುಹಬ್ಬ ಕಳೆದ ಮೇಲೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ) ಹಾಕಿಸಲೇಬೇಕು. 2016ರ ಏಪ್ರಿಲ್ 1ರಿಂದ ಈಚೆಗೆ ಹಾಕಿಸಿದ ಪೋಲಿಯೊ ಹನಿಗಳನ್ನೂ ಎಣಿಸುವುದಿಲ್ಲ. ಸೀರಮ್ ಇನ್‌ಸ್ಟಿಟ್ಯೂಟಿನ ದಡಾರ ಲಸಿಕೆಯಲ್ಲಿ ಹಾಲಿನಿಂದ ಬಂದ ಲ್ಯಾಕ್ಟಾಲ್ಬುಮಿನ್ ಹೈಡ್ರೊಲೈಸೇಟ್ ಇರುತ್ತದೆ. ಇದೇ ಕಾರಣಕ್ಕೆ ಬ್ರೆಜಿಲ್ 2014ರಲ್ಲಿ ಅಲ್ಲಿನ ಹಾಲಿನ ಅಲರ್ಜಿಯ ಮಕ್ಕಳಿಗೆ ಅದನ್ನು ಕೊಡುವುದನ್ನು ತಡೆದಿತ್ತು. ನಿಮ್ಮ ಮಗು ಊರಲ್ಲಿ ಆ ಲಸಿಕೆ ತೆಗೆದುಕೊಂಡು ಆರಾಮಾಗಿತ್ತೆಂದರೆ ಡಾಕ್ಟರಿಗೆ ತಪ್ಪದೆ ಹೇಳಿ, ಉಪಯುಕ್ತ ಮಾಹಿತಿ ಅದು.

ಇಲ್ಲಿನ ಎಂಎಂಆರ್‌ನಲ್ಲಿ ಹಾಲಿಗಿಂತ, ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಜೆಲಾಟಿನ್ ಬಗ್ಗೆ ಯೋಚಿಸಿ. ಮರ್ಕ್ ಕಂಪನಿಯ ಲಸಿಕೆಯಲ್ಲಿ ಅದು ಇರುತ್ತದೆ. ಇನ್ನೊಂದು ಕಂಪನಿಯ ಎಂಎಂಆರ್ ಆದ ಪ್ರಾಯೊರಿಕ್ಸ್‌ನಲ್ಲಿ ಲ್ಯಾಕ್ಟೋಸ್ ಇರುತ್ತದೆ. ಸಸ್ಯಾಹಾರಿ ಮನೆಯ ಮಗು ಜೆಲಾಟಿನ್ ತಿಂದೇ ಇರುವುದಿಲ್ಲ, ಆದ್ದರಿಂದ ‘ಅಲರ್ಜಿ ಇಲ್ಲ’ ಎಂದು ಗುರುತು ಹಾಕುವ ಬದಲು ‘ಇನ್ನೂ ತಿಂದಿಲ್ಲ’ ಎಂದು ಹೇಳುವುದು ಸರಿ. ಗಮ್ಮಿ ವಿಟಮಿನ್, ಮಾರ್ಷ್‌ಮೆಲೊ ತಿಂದು ಎಂದಾದರೂ ತೊಂದರೆಯಾಗಿದ್ದರೆ ಮುಚ್ಚಿಡಬೇಡಿ.

ಚುಚ್ಚಿಸಿದ ಮೇಲೆ 15 ನಿಮಿಷ ಕೂರುವುದು ಎಲ್ಲರಿಗೂ ವಾಡಿಕೆ. ಹಿಂದೆ ತೀವ್ರ ಅಲರ್ಜಿಯಾದ ಮಗುವಿಗೆ 30 ನಿಮಿಷ. ಅಳು ನಿಲ್ಲಿಸಲು ಕ್ಲಿನಿಕ್ಕಿನವರು ಚಾಕೊಲೇಟ್, ಬಿಸ್ಕತ್ತು ಕೊಡುತ್ತಾರೆ. ಅದರಲ್ಲಿನ ಹಾಲಿನಿಂದ ಗಂದೆ ಎದ್ದರೆ ಅಪವಾದ ಲಸಿಕೆಯ ಮೇಲೆ ಬರುತ್ತದೆ, ಮುಂದಿನ ಡೋಸು ಸುಮ್ಮನೆ ನಿಲ್ಲುತ್ತದೆ. ಮನೆಯಿಂದ ಅವಲಕ್ಕಿಯನ್ನೋ ಹಣ್ಣನ್ನೋ ಒಯ್ಯಿರಿ.

ತೀವ್ರ ಅಲರ್ಜಿಯಾದಾಗ ಚುಚ್ಚುವ ಎಪಿನೆಫ್ರಿನ್ ಔಷಧದ ಪೆನ್ ಇದ್ದರೆ ಜೊತೆಯಲ್ಲಿರಲಿ. ಸಾಮಾನ್ಯವಾಗಿ 7.5ರಿಂದ 15 ಕೆಜಿಗೆ 0.1 ಮಿಲಿಗ್ರಾಂ, 15ರಿಂದ 30ಕ್ಕೆ 0.15, ಅದಕ್ಕೂ ಮೇಲೆ 0.3. ಇಲ್ಲಿ ತೂಕವನ್ನು ಪೌಂಡಿನಲ್ಲಿ ಹೇಳುತ್ತಾರೆ: 33 ಪೌಂಡ್ ಎಂದರೆ 15 ಕೆಜಿ. ಗಂದೆಯ ಜೊತೆಗೆ ಕೆಮ್ಮು, ಏದುಸಿರು, ಮತ್ತೆ ಮತ್ತೆ ವಾಂತಿ ಬಂದರೆ ಅಥವಾ ಮಗು ಮಂಕಾದರೆ ತೊಡೆಯ ಹೊರಬದಿಗೆ ಪೆನ್ ಒತ್ತಿ. ಮನೆಯಲ್ಲಿದ್ದರೆ ಕೂಡಲೇ 911ಕ್ಕೆ ಕರೆ ಮಾಡಿ. ಬೆನಡ್ರಿಲ್ ಎಂಬ ಅಲರ್ಜಿ ಔಷಧ ಕುಡಿಸಿ ಕಾಯುತ್ತ ಕೂರುವುದು ದೊಡ್ಡ ತಪ್ಪು. ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಕೊಡಲು ಬಂದರೆ ಹಾಲಿನ ಅಲರ್ಜಿಯನ್ನು ಮತ್ತೊಮ್ಮೆ ನೆನಪಿಸಿ: ಸೊಲು-ಮೆಡ್ರಾಲ್‌ನ 40 ಮಿಲಿಗ್ರಾಂ ಸೀಸೆಯಲ್ಲಿ ಹಸುವಿನ ಹಾಲಿನಿಂದ ತೆಗೆದ ಲ್ಯಾಕ್ಟೋಸ್ ಇರುತ್ತದೆ, ಅದರಲ್ಲಿ ಹಾಲಿನ ಪ್ರೋಟೀನಿನ ಚೂರು ಉಳಿದಿರಬಹುದಾದ್ದರಿಂದ ಇಂಥ ಮಗುವಿಗೆ ಅದನ್ನು ಕೊಡುವಂತಿಲ್ಲ.

ಮಾರನೇ ದಿನದ ಜ್ವರ, ಚುಚ್ಚಿದ ಜಾಗದ ಕೆಂಪು ಅಲರ್ಜಿಯಲ್ಲ. ಡಿಟ್ಯಾಪ್‌ನ 4ನೇ, 5ನೇ ಡೋಸಿಗೆ ಇಡೀ ತೋಳೋ ತೊಡೆಯೋ ಊದಿದರೂ ತಾನಾಗಿ ಇಳಿಯುತ್ತದೆ. ನಿಜವಾದ ಅಲರ್ಜಿಯೇ ಆಗಿದ್ದರೆ ಲಸಿಕೆಯ ಹೆಸರು, ಕಂಪನಿ, ಲಾಟ್ ನಂಬರ್ ಬರೆಸಿಕೊಳ್ಳಿ. ಮುಂದಿನ ಡೋಸಿಗೆ ಮುನ್ನ ಅಲರ್ಜಿ ತಜ್ಞರು ಅದೇ ಲಸಿಕೆಯಿಂದ ಚರ್ಮದ ಪರೀಕ್ಷೆ ಮಾಡಿ, ಅಗತ್ಯವಿದ್ದರೆ ಡೋಸನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಕೊಡಬಲ್ಲರು.