ಬೆಸುಗೆ ಇಲ್ಲದೆ ಮಾತಾಡಿದ ಬೋರ್ಡ್

"ಬೆಸುಗೆ ಹಾಕದೆ ಕಾರ್ಡ್ ನಿಲ್ಲಲ್ಲ ಅಣ್ಣಾ, ಶೋಕೇಸಿಗೆ ಇಡ್ರಿ" ಅಂದಿದ್ದವರು ಹೋದ ವಾರ ಅದೇ ಹಳೇ ಟೆಲಿಫೋನ್ ಸ್ವಿಚ್‌ಬೋರ್ಡಿನಲ್ಲಿ ಕಾಲು ಗಂಟೆ ಮಾತಾಡಿ ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ಬೋರ್ಡ್ ಸಿಕ್ಕಿದ್ದು ಬಳ್ಳಾರಿಯ ಒಂದು ಗುಜರಿ ಅಂಗಡಿಯಲ್ಲಿ. 10 ಲೈನಿನ ಮ್ಯಾಗ್ನೆಟೋ, ಅಂದರೆ ಕೈಯಲ್ಲಿ ತಿರುಗಿಸಿ ಗಂಟೆ ಬಾರಿಸುವ ಬಗೆ. ಒಂದು ಲೈನನ್ನು ಇನ್ನೊಂದಕ್ಕೆ ಸೇರಿಸಲು ತುದಿಯಲ್ಲಿ ಪ್ಲಗ್ ಇರುವ ವೈರು, ಅಂದರೆ ಕಾರ್ಡ್, 5 ಜೋಡಿ. ಹಿತ್ತಾಳೆ ಲೆಕ್ಕದಲ್ಲಿ 6,000 ಕೇಳಿದರು, 4,500ಕ್ಕೆ ಇಳಿಸಿದೆ.

ಮೊದಲು ನನ್ನ ದಡ್ಡತನ ಹೇಳಿಬಿಡ್ತೀನಿ. ತಂದ ದಿನ ಕೈ ಜನರೇಟರ್ ತಿರುಗಿಸಿದರೆ 70 ವೋಲ್ಟ್ ಹತ್ತಿರ ಬರುತ್ತಿತ್ತು. ಸುಮ್ನೆ ಇರಬೇಕಿತ್ತು. ಗ್ರೀಸ್ ಬದಲಿಸೋಣ ಅಂತ ಬಿಚ್ಚಿದೆ. ಲಾಳದಂಥ ಮ್ಯಾಗ್ನೆಟ್‌ಗಳ ತುದಿಗೆ ಕಬ್ಬಿಣದ ಪಟ್ಟಿ ಕೊಡದೆ ರಾತ್ರಿಯೆಲ್ಲ ಟೇಬಲ್ ಮೇಲೆ ಬಿಟ್ಟೆ. ಮತ್ತೆ ಜೋಡಿಸಿದಾಗ 40 ದಾಟಲಿಲ್ಲ. ಆ ಕಡೆ ಫೋನಿನ ಗಂಟೆ ಒಂದು ಸಲ ಟಿಣ್ ಅಂದು ಸುಮ್ಮನಾಗುತ್ತಿತ್ತು. ಕೊನೆಗೆ ಸುರುಳಿ ಸುತ್ತಿ, ಟ್ರ್ಯಾಕ್ಟರ್ ಬ್ಯಾಟರಿ ಮುಟ್ಟಿಸಿ ಮ್ಯಾಗ್ನೆಟ್‌ಗೆ ಜೀವ ತಂದೆ. ಎಷ್ಟು ಸುತ್ತು, ಎಷ್ಟು ಹೊತ್ತು ಅಂತ ಮಾತ್ರ ಕೇಳಬೇಡಿ. ಅದನ್ನು ಕಲಿಯೋಕೆ ಒಂದು ಬ್ಯಾಟರಿ ಕಳೆದುಕೊಂಡಿದ್ದೇನೆ.

ಕರೆ ಬಂದಾಗ ಬೋರ್ಡಿನಲ್ಲಿ ಟಪ್ ಅಂತ ಬಿದ್ದು ಯಾವ ಲೈನು ಅಂತ ತೋರಿಸುವ ಪುಟ್ಟ ಮುಚ್ಚಳವೇ ಶಟರ್. ಎರಡು ಶಟರಿನ ಕಾಯಿಲ್ ಕಿಲುಬು ಹಿಡಿದು, ಒಳಗೆ ತಂತಿ ತುಂಡಾಗಿತ್ತು. ರಿವೈಂಡಿಂಗ್ ಅಂಗಡಿಯವರು ತಂತಿ ನೋಡಿ "ಪಂಪ್‌ಸೆಟ್ ಇದ್ರೆ ತನ್ನಿ ಸಾರ್" ಅಂತ ಕೈಮುಗಿದರು. ನಾನೇ ಸುತ್ತಿದೆ. ನಾಲ್ಕೈದು ಸಲ ತುಂಡಾಯಿತು.

ನಿಜವಾದ ತಲೆನೋವು ಕಾರ್ಡ್‌ಗಳದ್ದು. ಮೀಟರ್ ಇಟ್ಟರೆ ಬೀಪ್ ಅನ್ನುತ್ತೆ, ಮಾತಾಡಿದರೆ ಗರಗರ. ಪ್ಲಗ್ ಪಕ್ಕದಲ್ಲೇ ಬಗ್ಗಿ ಬಗ್ಗಿ ಸವೆದಿರುತ್ತೆ, ಅಲ್ವಾ? ಮೊದಲನೇ ಜೋಡಿಗೆ ಬೆಸುಗೆ ಹಾಕಿದೆ. ಒಳಗಿರುವುದು ಹತ್ತಿ ದಾರ, ಅದರ ಮೇಲೆ ಸುತ್ತಿದ ತಾಮ್ರದ ತೆಳು ಪಟ್ಟಿ. ಕಾವಿಗೆ ದಾರ ಸುಟ್ಟು ಹೋಯಿತು, ಪಟ್ಟಿ ಪುಡಿಯಾಯಿತು. ಉಳಿದ ನಾಲ್ಕು ಜೋಡಿಗೆ ಬೇರೆ ದಾರಿ ಹಿಡಿದೆ. ಸವೆದ ತುದಿಯನ್ನು ಎರಡು ಬೆರಳಗಲ ಕತ್ತರಿಸಿದೆ. ಎಳೆಯ ಮೇಲೆ ತವರ ಬಳಿದ ಸಣ್ಣ ತಂತಿಯನ್ನು ಒತ್ತಾಗಿ ಸುತ್ತಿ, ಮಡಚಿ, ಪ್ಲಗ್ಗಿನ ಸ್ಕ್ರೂ ಅಡಿಗೆ ಕೊಟ್ಟೆ. ಮೇಲಿನ ಹೆಣಿಗೆ ಬಿಚ್ಚದಂತೆ ಕಟ್ಟಲು ದಾರ ಬೇಕಿತ್ತು. ನಮ್ಮೂರಲ್ಲಿ ಅದಕ್ಕೇನು ಬರ! ಜೀನ್ಸ್ ಹೊಲಿಯುವ ಹುಡುಗ ಅರ್ಧ ರೀಲ್ ಪುಕ್ಕಟೆ ಕೊಟ್ಟ. ಗಂಟು ಹಾಕುವ ಮುಂಚೆ ದಾರಕ್ಕೆ ಒಂದು ವಸ್ತು ಸವರುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಹುಚ್ಚು. ಮಹಡಿಯ ಫೋನಿಗೆ ಒಂದೇ ತಂತಿ ಎಳೆದು, ವಾಪಸ್ ದಾರಿಗೆ ಅರ್ತ್ ನಂಬಿದೆ. ಏಪ್ರಿಲ್ ಬಿಸಿಲು, ಹಿತ್ತಲ ನೆಲ ಬಿರುಕು ಬಿಟ್ಟಿತ್ತು. ಎಷ್ಟು ತಿರುಗಿಸಿದರೂ ಬೋರ್ಡ್ ಸುಮ್ನೆ. ನೆಲಕ್ಕೆ ಹೊಡೆದ ಅರ್ತ್ ರಾಡಿನ ಬುಡಕ್ಕೆ ಎರಡು ಬಿಂದಿಗೆ ನೀರು ಸುರಿದೆ. ಶಟರ್ ಟಪ್ ಅಂತ ಬಿತ್ತು! "ನಳ ಬಂದೇ ಎಂಟು ದಿನ ಆತು, ಫೋನಿಗೆ ನೀರು ಕುಡಿಸ್ತೀರಿ?" ಅಂದಳು ಹೆಂಡತಿ. ಜೊತೆಗೆ ಮಾತಿನ ಹಿಂದೆ ಕರೆಂಟಿನ ಗುಂಯ್ ಸದ್ದು ಬೇರೆ. ಎರಡನೇ ತಂತಿ ಎಳೆದೆ.

ಒಟ್ಟು 9,000ದ ಆಸುಪಾಸು ಹೋಯಿತು, ಬ್ಯಾಟರಿ ಬಿಟ್ಟು. ಈಗ ನಾಲ್ಕು ಜೋಡಿಯಲ್ಲೂ ಮಾತು ಸ್ಪಷ್ಟ. ಗರಗರ ಅನ್ನೋದು ನಾನು ಬೆಸುಗೆ ಹಾಕಿದ ಆ ಮೊದಲನೇ ಜೋಡಿ ಮಾತ್ರ. ಯಾರಾದರೂ ವಾದಕ್ಕೆ ಬಂದರೆ ಅದರಲ್ಲೇ ಮಾತಾಡಿಸ್ತೀನಿ.