ಹಕ್ಕಿಗೆ ಯಾವುದು, ರಂಗಸ್ಥಳಕ್ಕೆ ಯಾವುದು? ಡಿ500, ಡಿ750 ಹೋಲಿಸಿ ನೋಡುವ ಬಗೆ

ನಿಕಾನ್‌ನ ಡಿ500 ಮತ್ತು ಡಿ750 ಕ್ಯಾಮೆರಾಗಳು ಈಗ ಹೆಚ್ಚಾಗಿ ಸಿಗುವುದು ಸೆಕೆಂಡ್ ಹ್ಯಾಂಡ್ ಅಂಗಡಿಗಳ ಕಪಾಟಿನಲ್ಲಿ, ಅದೂ ಅಕ್ಕಪಕ್ಕದಲ್ಲೇ. ಬ್ಯಾಟರಿ, ಕಾರ್ಡ್ ಸೇರಿ ಒಂದರ ತೂಕ 860 ಗ್ರಾಂ, ಇನ್ನೊಂದರದು 840. ಬ್ಯಾಟರಿ ಒಂದೇ ಜಾತಿಯದು, ಲೆನ್ಸ್ ಕೂರುವ ಮೌಂಟೂ ಒಂದೇ. ಮೆಗಾಪಿಕ್ಸೆಲ್ ನೋಡಿದರೆ 20.9 ಮತ್ತು 24.3. ಹಾಗಾಗಿ ‘24 ದೊಡ್ಡದು, ಮೇಲಾಗಿ ಫುಲ್ ಫ್ರೇಮ್’ (ಅಂದರೆ ಚಿತ್ರ ಹಿಡಿಯುವ ಸೆನ್ಸರ್ ಡಿ500ರದಕ್ಕಿಂತ ದೊಡ್ಡದು) ಎಂದು ಡಿ750 ಕೊಂಡು ರಂಗನತಿಟ್ಟಿನ ದೋಣಿ ಹತ್ತುವವರಿದ್ದಾರೆ. ‘ಇದು 2016ರದ್ದು, ಅದು 2014ರದ್ದು, ಇದರಲ್ಲಿ ಸೆಕೆಂಡಿಗೆ 10 ಚಿತ್ರ’ ಎಂದು ಡಿ500 ಕೊಂಡು ರಾತ್ರಿಯಿಡೀ ಯಕ್ಷಗಾನದ ಮುಂದೆ ಕೂರುವವರೂ ಇದ್ದಾರೆ. ಇಬ್ಬರಿಗೂ ಒಳ್ಳೆಯ ಕ್ಯಾಮೆರಾನೇ ಸಿಕ್ಕಿದೆ, ಆದರೆ ಅವರ ಕೆಲಸಕ್ಕೆ ಒದಗುವುದಲ್ಲ.

ಈ ಎರಡರ ನಡುವಿನ ಅಂತರ ವಿವರಪಟ್ಟಿಯಲ್ಲಿ ಪೂರ್ತಿ ಕಾಣುವುದಿಲ್ಲ. ನೀವು ತೆಗೆಯುವ ಚಿತ್ರಗಳಲ್ಲಿ ಅತಿ ಕಷ್ಟದ್ದು ಯಾವುದೋ ಅದನ್ನೇ ಎರಡರಲ್ಲೂ ತೆಗೆದು ನೋಡಿದರೆ ಕಾಣುತ್ತದೆ.

ಮೊದಲು ಹಳೆಯ ಚಿತ್ರಗಳನ್ನು ತೆರೆಯಿರಿ

ಅಂಗಡಿಗೆ ಹೋಗುವ ಮೊದಲು ಕಳೆದ ವರ್ಷ ನೀವು ತೆಗೆದ, ನಿಮಗೆ ಇಷ್ಟವಾದ 50 ಚಿತ್ರ ಆರಿಸಿ. ಬಹುತೇಕ ಸರಿಬಂದು, ಕೊನೆಗೆ ಹಾಳಾದ 50 ಚಿತ್ರಗಳನ್ನೂ ಆರಿಸಿ. ಪ್ರತಿಯೊಂದರ ಫೋಕಲ್ ಲೆಂಗ್ತ್ (ಲೆನ್ಸ್ ಎಷ್ಟು ಹತ್ತಿರ ತರುತ್ತದೆಂಬ ಅಂಕಿ), ಷಟರ್ ವೇಗ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಬರೆದುಕೊಳ್ಳಿ. ಹಾಳಾದವು ಹೆಚ್ಚಾಗಿ ಲೆನ್ಸ್‌ನ ಕೊನೆಯ ತುದಿಯಲ್ಲಿ, 300 ಎಂ.ಎಂ. ಅಥವಾ 500 ಎಂ.ಎಂ.ನಲ್ಲಿ ತೆಗೆದವಾಗಿದ್ದು, ಅದರ ಮೇಲೂ ಅರ್ಧಕ್ಕಿಂತ ಹೆಚ್ಚು ಕ್ರಾಪ್ ಮಾಡಬೇಕಾಗಿ ಬಂದಿದ್ದರೆ ನಿಮ್ಮ ಕೊರತೆ ದೂರದ್ದು. ಐಎಸ್‌ಒ 3200 ದಾಟಿ ಕಾಳುಕಾಳಾಗಿದ್ದರೆ ಅಥವಾ ಷಟರ್ 1/60ಕ್ಕೆ ಇಳಿದು ಕೈ ಮಸುಕಾಗಿದ್ದರೆ ಕೊರತೆ ಬೆಳಕಿನದು. ದೂರಕ್ಕೆ ಡಿ500, ಬೆಳಕಿಗೆ ಡಿ750. ಹೀಗೇಕೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕವಿದೆ.

ಮಿಂಚುಳ್ಳಿಯ ಲೆಕ್ಕ

ಸಣ್ಣ ಮಿಂಚುಳ್ಳಿಯ ಉದ್ದ ಸುಮಾರು 16 ಸೆಂ.ಮೀ. ಅದು 20 ಮೀಟರ್ ದೂರದ ಕೊಂಬೆಯ ಮೇಲೆ ಕೂತಿದೆ, ನಿಮ್ಮ ಬಳಿ ಇರುವುದು ನಿಕಾನ್‌ನ 200–500 ಎಂ.ಎಂ. ಎಫ್/5.6 ಲೆನ್ಸ್ ಎಂದುಕೊಳ್ಳಿ. 500 ಎಂ.ಎಂ.ನಲ್ಲಿ ಆ ಹಕ್ಕಿ ಸೆನ್ಸರ್ ಮೇಲೆ ಸುಮಾರು 4.1 ಮಿ.ಮೀ. ಉದ್ದಕ್ಕೆ ಬೀಳುತ್ತದೆ. ಕ್ಯಾಮೆರಾ ಯಾವುದೇ ಆಗಿರಲಿ, 4.1 ಮಿ.ಮೀ.ಯೇ, ಏಕೆಂದರೆ ಅದನ್ನು ನಿರ್ಧರಿಸುವುದು ಲೆನ್ಸ್ ಮತ್ತು ದೂರ.

ಡಿ500ರಲ್ಲಿ ಒಂದೊಂದು ಪಿಕ್ಸೆಲ್‌ನ ಅಗಲ ಸುಮಾರು 4.2 ಮೈಕ್ರಾನ್, ಡಿ750ರಲ್ಲಿ ಸುಮಾರು 6. ಅಂದರೆ ಕೊಕ್ಕಿನಿಂದ ಬಾಲದವರೆಗೆ ಡಿ500 ಸುಮಾರು 970 ಪಿಕ್ಸೆಲ್ ಜೋಡಿಸುತ್ತದೆ, ಡಿ750 ಸುಮಾರು 690. ಉದ್ದ, ಅಗಲ ಎರಡರಲ್ಲೂ ಹೀಗೇ ಆಗುವುದರಿಂದ ಹಕ್ಕಿಯ ಮೈಮೇಲೆ ಬೀಳುವ ಪಿಕ್ಸೆಲ್ ಡಿ500ರಲ್ಲಿ ಸರಿಸುಮಾರು ಎರಡರಷ್ಟು. ಡಿ750ರ ಚಿತ್ರವನ್ನು ಡಿ500ರ ಚೌಕಟ್ಟಿನಷ್ಟಕ್ಕೆ ಕತ್ತರಿಸಿದರೆ 24 ಮೆಗಾಪಿಕ್ಸೆಲ್‌ನಲ್ಲಿ ಕೈಗೆ ಉಳಿಯುವುದು ಸುಮಾರು 10. ಕಣ್ಣಿನ ಸುತ್ತಲಿನ ಗರಿ ಎಳೆಎಳೆಯಾಗಿ ಬರುವುದೋ, ಬಣ್ಣದ ತೇಪೆಯಾಗಿ ಬರುವುದೋ ಎಂಬುದು ತೀರ್ಮಾನವಾಗುವುದು ಇಲ್ಲೇ.

ಬಹಳ ಮಂದಿ ತಪ್ಪುವುದು ಇನ್ನೊಂದು ಕಡೆ. ‘ಫುಲ್ ಫ್ರೇಮ್‌ನಲ್ಲಿ ನಾಯ್ಸ್ (ಕಾಳುಕಾಳಾಗುವಿಕೆ) ಕಡಿಮೆ, ಹಾಗಾಗಿ ಕಬಿನಿಯ ಮುಂಜಾವಿನ ಸಫಾರಿಗೂ ಅದೇ ಸರಿ’ ಎನ್ನುತ್ತಾರೆ. ಫುಲ್ ಫ್ರೇಮ್‌ನ ಲಾಭ ಸಿಗುವುದು ಇಡೀ ಸೆನ್ಸರ್ ತುಂಬಿದಾಗ. ದೂರದ ಹಕ್ಕಿಗಾಗಿ ನಡುವಿನ ತುಂಡನ್ನಷ್ಟೇ ಉಳಿಸಿಕೊಂಡರೆ ಆ ತುಂಡಿಗೆ ಬಿದ್ದ ಬೆಳಕು ಎರಡರಲ್ಲೂ ಒಂದೇ. ಲಾಭವನ್ನು ಕತ್ತರಿಸಿ ಎಸೆದಂತಾಯಿತು.

ರಂಗಸ್ಥಳದ ಮುಂದೆ ಲೆಕ್ಕ ತಿರುಗುತ್ತದೆ. ಅಲ್ಲಿ ವೇಷ ಚೌಕಟ್ಟು ತುಂಬುವಂತೆ ಜಾಗ ಬದಲಿಸಬಹುದು, ಜೂಮ್ ಮಾಡಬಹುದು. ಡಿ750ರ ಸೆನ್ಸರ್ 35.9×24 ಮಿ.ಮೀ., ಡಿ500ರದು 23.5×15.7. ವಿಸ್ತೀರ್ಣ 2.3 ಪಟ್ಟಿಗೂ ಸ್ವಲ್ಪ ಹೆಚ್ಚು, ಅಂದರೆ ಒಂದು ಸ್ಟಾಪ್‌ಗಿಂತ (ಬೆಳಕು ಎರಡರಷ್ಟಾಗುವ ಒಂದು ಹೆಜ್ಜೆ) ತುಸು ಮೇಲೆ. ಅದೇ ಎಫ್/2.8, ಅದೇ 1/500ಕ್ಕೆ ಡಿ750ರಲ್ಲಿ ಐಎಸ್‌ಒ 6400ರ ಚಿತ್ರ, ಡಿ500ರಲ್ಲಿ ಸುಮಾರು 3200ರಲ್ಲಿ ಬರುವಷ್ಟು ಶುಭ್ರವಾಗಿರುತ್ತದೆ. ಕಪ್ಪು ಅಂಗಿಯ ಮಡಿಕೆ, ಕಿರೀಟದ ಹಿಂದಿನ ಕತ್ತಲು, ಇಂಥ ಕಡೆ ಈ ಒಂದು ಸ್ಟಾಪ್ ಎದ್ದು ಕಾಣುತ್ತದೆ.

ಎರಡನ್ನೂ ಒಂದೇ ನೆಲೆಗೆ ತನ್ನಿ

ಪರೀಕ್ಷೆಗೆ ಒಂದೇ ಲೆನ್ಸ್ ಬಳಸಿ, ಬಾಡಿ ಮಾತ್ರ ಬದಲಿಸಿ. ಎರಡರಲ್ಲೂ ಚಿತ್ರದ ಬಗೆ ರಾ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ), 14 ಬಿಟ್, ಲಾಸ್‌ಲೆಸ್ ಕಂಪ್ರೆಸ್ಡ್. ಆಕ್ಟಿವ್ ಡಿ-ಲೈಟಿಂಗ್ ಆಫ್. ಅದನ್ನು ಆನ್ ಇಟ್ಟರೆ ಕ್ಯಾಮೆರಾ ತಾನೇ ಎಕ್ಸ್‌ಪೋಷರ್ ತಗ್ಗಿಸಿಬಿಡಬಹುದು, ಹೋಲಿಕೆ ಕೆಡುತ್ತದೆ. ವೈಟ್ ಬ್ಯಾಲೆನ್ಸ್ ಆಟೋ ಬೇಡ, 5000 ಕೆಲ್ವಿನ್‌ಗೆ ಕಟ್ಟಿ. ಮ್ಯಾನುಯಲ್‌ನಲ್ಲಿ ಎಕ್ಸ್‌ಪೋಷರ್ ಒಂದೇ ಇರಲಿ.

ಕಂಪ್ಯೂಟರಿನಲ್ಲಿ ನೋಡುವಾಗ 100 ಶೇಕಡಾ ಹಿಗ್ಗಿಸಿ ಹೋಲಿಸಬೇಡಿ. ಪಿಕ್ಸೆಲ್ ಅಳತೆ ಬೇರೆಯಾದ್ದರಿಂದ ಹಿಗ್ಗುವ ಪ್ರಮಾಣವೂ ಬೇರೆಯಾಗುತ್ತದೆ. ಎರಡನ್ನೂ ಉದ್ದದ ಬದಿ 3000 ಪಿಕ್ಸೆಲ್‌ಗೆ ಇಳಿಸಿ ಪಕ್ಕಪಕ್ಕ ಇಡಿ, ಇಲ್ಲವೇ 12×18 ಇಂಚಿನ ಪ್ರಿಂಟ್ ಹಾಕಿಸಿ.

ಫೋಕಸ್ ಸರಿಪಡಿಸದೆ ತೀರ್ಪು ಕೊಡಬೇಡಿ

ಇವೆರಡೂ ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರ್ ಕ್ಯಾಮೆರಾಗಳು. ಇವುಗಳಲ್ಲಿ ಫೋಕಸ್ ಅಳೆಯುವುದು ಕನ್ನಡಿಯ ಕೆಳಗಿರುವ ಬೇರೊಂದು ಸೆನ್ಸರ್. ಆ ಸೆನ್ಸರ್ ಮತ್ತು ಚಿತ್ರದ ಸೆನ್ಸರ್ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಫೋಕಸ್ ಹಕ್ಕಿಯ ಕಣ್ಣಿನ ಬದಲು ರೆಕ್ಕೆಗೆ ಬೀಳುತ್ತದೆ. ‘ಈ ಬಾಡಿ ಶಾರ್ಪ್ ಇಲ್ಲ’ ಎಂಬ ದೂರುಗಳಲ್ಲಿ ಒಂದು ದೊಡ್ಡ ಪಾಲು ಇದೇ. ಇದನ್ನು ಸರಿಪಡಿಸಲು ಎರಡರಲ್ಲೂ ಎಎಫ್ (ಆಟೊಫೋಕಸ್) ಫೈನ್-ಟ್ಯೂನ್ ಇದೆ, ಮೈನಸ್ 20ರಿಂದ ಪ್ಲಸ್ 20ರವರೆಗೆ.

ಡಿ500ರಲ್ಲಿ ಕೆಲಸ ಸುಲಭ. ಗೋಡೆಗೆ ದಿನಪತ್ರಿಕೆಯ ಒಂದು ಪುಟ ಅಂಟಿಸಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ, ಗೋಡೆಗೆ ನೇರವಾಗಿ ನಿಲ್ಲಿಸಿ. ದೂರ ನೀವು ಸಾಮಾನ್ಯವಾಗಿ ಚಿತ್ರ ತೆಗೆಯುವಷ್ಟೇ ಇರಲಿ, 500 ಎಂ.ಎಂ.ಗೆ ಎರಡು ಮೀಟರಿನಲ್ಲಿ ಸರಿಪಡಿಸಿ ಪ್ರಯೋಜನವಿಲ್ಲ. ಅಪರ್ಚರ್ ಪೂರ್ತಿ ತೆರೆದು, ಲೈವ್ ವ್ಯೂನಲ್ಲಿ ನಡುವಿನ ಬಿಂದುವಿಗೆ ಫೋಕಸ್ ಮಾಡಿ. ತಲೆಬರಹದ ಅಕ್ಷರದ ಅಂಚು ಚೂಪಾಗಿದೆಯೇ ಎಂದು ಪರದೆಯಲ್ಲಿ ಹಿಗ್ಗಿಸಿ ನೋಡಿಕೊಳ್ಳಿ. ಆಮೇಲೆ ಎಎಫ್ ಮೋಡ್ ಗುಂಡಿ ಮತ್ತು ವಿಡಿಯೊ ರೆಕಾರ್ಡ್ ಗುಂಡಿ ಎರಡನ್ನೂ ಒಟ್ಟಿಗೆ ಎರಡು ಸೆಕೆಂಡಿಗಿಂತ ಹೆಚ್ಚು ಒತ್ತಿಹಿಡಿಯಿರಿ. ಕ್ಯಾಮೆರಾ ತಾನೇ ಅಂತರ ಲೆಕ್ಕಹಾಕಿ, ಉಳಿಸಿಕೊಳ್ಳಲೇ ಎಂದು ಕೇಳುತ್ತದೆ. ಒಂದೇ ಸಲಕ್ಕೆ ಒಪ್ಪಬೇಡಿ. ಐದು ಸಲ ಮಾಡಿ, ಬಂದ ಅಂಕಿಗಳಲ್ಲಿ ನಡುವಿನದನ್ನು ಇಟ್ಟುಕೊಳ್ಳಿ.

ಡಿ750ರಲ್ಲಿ ಈ ಅನುಕೂಲವಿಲ್ಲ. ಗೋಡೆಯ ಪುಟದ ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಅದರ ಸೊನ್ನೆ ಪುಟದ ಸಮಕ್ಕೆ ಬರಲಿ. ವ್ಯೂಫೈಂಡರ್ ಮೂಲಕ ಪುಟಕ್ಕೆ ಫೋಕಸ್ ಮಾಡಿ ಚಿತ್ರ ತೆಗೆಯಿರಿ. ಪಟ್ಟಿಯಲ್ಲಿ ಸೊನ್ನೆಗಿಂತ ನಿಮ್ಮ ಕಡೆಯ ಗೆರೆ ಚೂಪಾಗಿದ್ದರೆ ಅಂಕಿಯನ್ನು ಪ್ಲಸ್ ಕಡೆಗೆ, ಹಿಂದಿನದು ಚೂಪಾಗಿದ್ದರೆ ಮೈನಸ್ ಕಡೆಗೆ ಸರಿಸಿ. ಐದೈದಾಗಿ ಬದಲಿಸಿ ನೋಡಿ, ಹತ್ತಿರ ಬಂದಮೇಲೆ ಒಂದೊಂದಾಗಿ. ಅರ್ಧ ಗಂಟೆ ಹಿಡಿಯುತ್ತದೆ, ಆದರೆ ಇದನ್ನು ಬಿಟ್ಟು ಮುಂದಿನದೇನೂ ನಂಬಲರ್ಹವಲ್ಲ.

ಹಾರುವುದರ ಪರೀಕ್ಷೆ

ನದಿ ರೀವ (ರಿವರ್ ಟರ್ನ್) ಹಕ್ಕಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಊರಿನ ಮೀನು ಮಾರುಕಟ್ಟೆಯ ಮೇಲೆ ಸುತ್ತುವ ಹದ್ದುಗಳೇ ಸಾಕು. ಎಎಫ್-ಸಿ (ಚಲಿಸುವುದನ್ನು ಹಿಂಬಾಲಿಸುವ ಫೋಕಸ್) ಮೋಡ್, ಷಟರ್ 1/2000, ಎಫ್/5.6, ಬರ್ಸ್ಟ್ (ಒಂದೇ ಸಮನೆ ತೆಗೆಯುವುದು) ಗರಿಷ್ಠ ವೇಗದಲ್ಲಿ. ಫೋಕಸ್ ಬಿಂದುಗಳ ಆಯ್ಕೆ ಡಿ500ರಲ್ಲಿ 25 ಬಿಂದುಗಳ ಡೈನಮಿಕ್, ಡಿ750ರಲ್ಲಿ 21. ಹದ್ದು ನಿಮ್ಮ ಕಡೆಗೇ ಬರುವಾಗ ನಾಲ್ಕು ಸೆಕೆಂಡ್ ಒತ್ತಿಹಿಡಿಯಿರಿ. ಹೀಗೆ ಹತ್ತು ಸಲ. ಆಮೇಲೆ ಕಣ್ಣು ಚೂಪಾಗಿ ಬಂದ ಚಿತ್ರಗಳನ್ನಷ್ಟೇ ಎಣಿಸಿ.

ಡಿ750 ಇಲ್ಲಿ ಎರಡು ಕಡೆ ಎಡವುತ್ತದೆ. ಅದರ ವೇಗ ಸೆಕೆಂಡಿಗೆ 6.5 ಚಿತ್ರ, ಆದರೆ 14 ಬಿಟ್ ರಾನಲ್ಲಿ ಸುಮಾರು 15 ಚಿತ್ರಕ್ಕೆ ಬಫರ್ (ಕಾರ್ಡ್‌ಗೆ ಬರೆಯುವ ಮುನ್ನ ಚಿತ್ರ ಕಾಯುವ ಜಾಗ) ತುಂಬುತ್ತದೆ. ಎರಡೂವರೆ ಸೆಕೆಂಡಿಗೆಲ್ಲ ಷಟರ್ ತಡವರಿಸಲು ತೊಡಗುತ್ತದೆ, ಹದ್ದು ಎರಗುವುದು ಆಮೇಲೆ. ಡಿ500 ಎಕ್ಸ್‌ಕ್ಯೂಡಿ ಎಂಬ ವೇಗದ ಮೆಮೊರಿ ಕಾರ್ಡ್‌ನಲ್ಲಿ 200 ರಾ ಚಿತ್ರಗಳವರೆಗೆ ನಿಲ್ಲದೆ ಓಡುತ್ತದೆ. ಆದರೆ ಅದರ ಎರಡನೇ ಕಿಂಡಿಗೆ ನಿಧಾನದ ಎಸ್‌ಡಿ ಕಾರ್ಡ್ ಹಾಕಿ, ಎರಡರಲ್ಲೂ ಬರೆಯುವಂತೆ ಇಟ್ಟರೆ ಓಟ ಎಸ್‌ಡಿಯ ವೇಗಕ್ಕೆ ಇಳಿದುಬಿಡುತ್ತದೆ. ಹಕ್ಕಿಗೆ ಹೋಗುವಾಗ ಎಸ್‌ಡಿಯನ್ನು ‘ಮೊದಲನೆಯದು ತುಂಬಿದ ಮೇಲೆ’ ಎಂಬ ಆಯ್ಕೆಗೆ ಬದಲಿಸಿಕೊಳ್ಳಿ. ಎಕ್ಸ್‌ಕ್ಯೂಡಿ ಈಗ ಸುಲಭಕ್ಕೆ ಸಿಗದಿದ್ದರೆ ಚಿಂತೆ ಬೇಡ, ಫರ್ಮ್‌ವೇರ್ 1.30 ಹಾಕಿದರೆ ಅದೇ ಕಿಂಡಿಯಲ್ಲಿ ಸಿಎಫ್ ಎಕ್ಸ್‌ಪ್ರೆಸ್ ಬಿ ಕಾರ್ಡ್ ನಡೆಯುತ್ತದೆ.

ಎರಡನೆಯದು ಫೋಕಸ್ ಬಿಂದುಗಳು. ಡಿ500ರ 153 ಬಿಂದುಗಳು ಚೌಕಟ್ಟಿನ ಈ ಅಂಚಿನಿಂದ ಆ ಅಂಚಿನವರೆಗೆ ಹರಡಿವೆ. ಡಿ750ರ 51 ಬಿಂದುಗಳು ನಡುವೆ, ಅಗಲದ ಸುಮಾರು ಅರ್ಧದಲ್ಲಿ ಗುಂಪುಗೂಡಿವೆ. ಹಕ್ಕಿ ಅಂಚಿಗೆ ಸರಿದರೆ ಫೋಕಸ್ ಕೈತಪ್ಪಿತು. ದೋಣಿ ಓಲಾಡುವಾಗ ಹಕ್ಕಿಯನ್ನು ನಡುವೆಯೇ ಹಿಡಿದಿಡುವುದು ಎಷ್ಟು ಕಷ್ಟವೆಂದು ರಂಗನತಿಟ್ಟಿಗೆ ಹೋದವರಿಗೆ ಗೊತ್ತು.

ಒಂದು ಎಚ್ಚರಿಕೆ: ಈ ಪರೀಕ್ಷೆ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಬಿಸಿಲೇರಿದ ಮೇಲೆ ನೀರು, ಡಾಂಬರು, ತಗಡಿನ ಚಾವಣಿಯಿಂದ ಏಳುವ ಬಿಸಿಗಾಳಿ 500 ಎಂ.ಎಂ.ನ ಚಿತ್ರವನ್ನು ಕಲಕಿಬಿಡುತ್ತದೆ. ಆಗ ಯಾವ ಕ್ಯಾಮೆರಾ ತಂದರೂ ಅಷ್ಟೇ.

ರಂಗಸ್ಥಳದ ಪರೀಕ್ಷೆ

ಇಲ್ಲಿ 85 ಎಂ.ಎಂ. ಎಫ್/1.8 ಲೆನ್ಸ್ ತೆಗೆದುಕೊಳ್ಳಿ. ಡಿ750 ಹಿಡಿದು 3 ಮೀಟರ್ ದೂರ ನಿಂತರೆ, ಡಿ500ರಲ್ಲಿ ಅದೇ ಚೌಕಟ್ಟಿಗೆ ಸುಮಾರು 4.5 ಮೀಟರ್ ದೂರಕ್ಕೆ ಸರಿಯಬೇಕು. ಜನ ಕುಳಿತಿರುವ ಆಟದಲ್ಲಿ ಆ ಒಂದೂವರೆ ಮೀಟರ್ ಸಿಗುತ್ತದೆಯೇ ಎಂಬುದೂ ಪರೀಕ್ಷೆಯ ಭಾಗವೇ.

ನಿಂತು ಮಾತಾಡುವ ವೇಷಕ್ಕೆ 1/200 ಸಾಕು, ಧೀಂಗಿಣಕ್ಕೆ (ಗಿರಗಿರನೆ ಸುತ್ತಿ ಹಾರುವ ಕುಣಿತ) 1/500ಕ್ಕಿಂತ ಕೆಳಗೆ ಇಳಿಯಬೇಡಿ. ಮೀಟರಿಂಗನ್ನು (ಕ್ಯಾಮೆರಾ ಬೆಳಕು ಅಳೆಯುವ ಬಗೆ) ಅತಿ ಬೆಳಗಿದ ಭಾಗವನ್ನು ಕಾಯುವ ಹೈಲೈಟ್-ವೇಟೆಡ್‌ಗೆ ಇಡಿ, ಎರಡರಲ್ಲೂ ಇದೆ. ಸುತ್ತ ಕತ್ತಲಿರುವುದರಿಂದ ಇಡೀ ಚೌಕಟ್ಟನ್ನು ಅಳೆಯುವ ಮ್ಯಾಟ್ರಿಕ್ಸ್ ಮೀಟರಿಂಗ್ ಬೆಳಕು ಏರಿಸಲು ಹೋಗಿ ಬಣ್ಣದ ವೇಷದ ಮುಖದ ಮೇಲಿನ ಬಿಳಿ ಚುಟ್ಟಿಯನ್ನು ಸುಟ್ಟುಬಿಡುತ್ತದೆ. ಚುಕ್ಕೆಚುಕ್ಕೆಯಾಗಿ ಇಟ್ಟ ಕೆಲಸವೆಲ್ಲ ಒಂದೇ ಬಿಳಿ ಪಟ್ಟಿಯಾಗಿ ಬರುತ್ತದೆ.

ಡಿ750 ಬಳಸುವವರು ಗಮನಿಸಬೇಕಾದದ್ದೊಂದಿದೆ. ಬಿಂದುಗಳು ನಡುವೆಯೇ ಇರುವುದರಿಂದ ಕಣ್ಣಿಗೆ ಫೋಕಸ್ ಹಿಡಿದು, ಕ್ಯಾಮೆರಾ ಓರೆ ಮಾಡಿ ಒತ್ತುವ ಅಭ್ಯಾಸ ಬೆಳೆಯುತ್ತದೆ. ಎಫ್/1.8ರಲ್ಲಿ 3 ಮೀಟರ್ ದೂರಕ್ಕೆ ಚೂಪಾಗಿ ಬರುವ ಆಳ ಸುಮಾರು 13 ಸೆಂ.ಮೀ. ಮಾತ್ರ. ಓರೆ ಮಾಡುವಷ್ಟರಲ್ಲಿ ಕಲಾವಿದರು ಒಂದು ಹೆಜ್ಜೆ ಮುಂದಿಟ್ಟರೂ ಕಣ್ಣು ಹೋಗಿ ಕಿರೀಟ ಉಳಿಯುತ್ತದೆ. ತುದಿಯ ಬಿಂದುವನ್ನೇ ಆರಿಸಿ, ಎಫ್/2.8ಕ್ಕೆ ಇಳಿಸಿ, ಆಮೇಲೆ ಬೇಕಿದ್ದರೆ ಕ್ರಾಪ್ ಮಾಡಿ. 24 ಮೆಗಾಪಿಕ್ಸೆಲ್ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಡಿ500 ಪರವಾಗಿಯೂ ಒಂದು ಮಾತಿದೆ. ಟ್ಯೂಬ್‌ಲೈಟಿನ ಸಭಾಂಗಣದಲ್ಲಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ವೇಗದ ಷಟರ್‌ನಲ್ಲಿ ಒಂದು ಚಿತ್ರ ಹಳದಿ, ಮುಂದಿನದು ಮಂಕು. ಡಿ500ರ ಫ್ಲಿಕರ್ ರಿಡಕ್ಷನ್ ಮಿನುಗಿನ ಶಿಖರ ಕಾದು ಷಟರ್ ತೆರೆಯುತ್ತದೆ. ಡಿ750ರಲ್ಲಿ ಸ್ಥಿರಚಿತ್ರಕ್ಕೆ ಇದಿಲ್ಲ, ಷಟರನ್ನು 1/100ಕ್ಕೆ ಇಳಿಸುವುದೊಂದೇ ದಾರಿ. ಮದುವೆ ಛತ್ರಗಳಲ್ಲಿ ಹೆಚ್ಚು ಕೆಲಸವಿದ್ದರೆ ಇದನ್ನು ತೂಗಿನೋಡಿ. ಆದರೆ ಡಿ500ರಲ್ಲಿ ಒಳಗಿನ ಫ್ಲ್ಯಾಷ್ ಇಲ್ಲ, ಡಿ750ರಲ್ಲಿ ಇದೆ.

ಬೆಟ್ಟ, ಜಲಪಾತ, ದೇವಸ್ಥಾನಗಳ ಚಿತ್ರಕ್ಕೆ ಹೆಚ್ಚು ಚರ್ಚೆ ಬೇಡ, ಡಿ750 ಸಾಕು. 20 ಎಂ.ಎಂ. ಲೆನ್ಸ್ ಅದರಲ್ಲಿ 20 ಆಗಿಯೇ ಉಳಿಯುತ್ತದೆ, ಡಿ500ರಲ್ಲಿ 30ರಂತಾಗುತ್ತದೆ.

ಕೊಳ್ಳುವ ಮುನ್ನ ಕೌಂಟರಿನಲ್ಲೇ

ಡಿ500ರ ಷಟರನ್ನು 2 ಲಕ್ಷ ಬಾರಿಗೆ, ಡಿ750ರದನ್ನು 1.5 ಲಕ್ಷ ಬಾರಿಗೆ ಪರೀಕ್ಷಿಸಲಾಗಿದೆ. ನಿಮ್ಮ ಕಾರ್ಡ್ ಹಾಕಿ ಒಂದು ಚಿತ್ರ ತೆಗೆದು, ಎಕ್ಸಿಫ್ ಟೂಲ್ ಎಂಬ ತಂತ್ರಾಂಶದಲ್ಲಿ ಷಟರ್ ಎಣಿಕೆ (ಈವರೆಗೆ ಎಷ್ಟು ಬಾರಿ ತೆರೆದಿದೆ) ಓದಿ. ಎಫ್/16ಕ್ಕೆ ಇಳಿಸಿ ಆಕಾಶದ ಚಿತ್ರ ತೆಗೆದರೆ ಸೆನ್ಸರಿನ ಧೂಳು, ಎಣ್ಣೆಯ ಚುಕ್ಕೆ ಕಾಣುತ್ತದೆ. ಧೂಳು ಹೋಗುತ್ತದೆ, ಗೀರು ಹೋಗುವುದಿಲ್ಲ.

ಡಿ500ರ ಜೊತೆ ಕೊಡುವ ಬ್ಯಾಟರಿಯ ಮೇಲಿನ ಬರಹ ಓದಿ. ಹಳೆಯ ಇಎನ್-ಇಎಲ್15 ಬ್ಯಾಟರಿಗಳಲ್ಲಿ ‘ಲಿ-ಅಯಾನ್01’ ಎಂದಿರುತ್ತದೆ. ಡಿ500ರಲ್ಲಿ ಅದು ಬೇಗ ಖಾಲಿ ತೋರಿಸುತ್ತದೆ. ‘ಲಿ-ಅಯಾನ್20’ ಎಂದಿರುವುದು ಬೇಕು.

ಡಿ750ಕ್ಕೆ 2015ರಲ್ಲಿ ತಯಾರಕರೇ ಎರಡು ಉಚಿತ ದುರಸ್ತಿ ಪ್ರಕಟಿಸಿದ್ದರು. ಒಂದು, ಚೌಕಟ್ಟಿನ ಮೇಲಂಚಿನಾಚೆ ಪ್ರಖರ ದೀಪವಿದ್ದಾಗ ಬರುವ ಕಪ್ಪು ಗೆರೆಯ ಫ್ಲೇರ್‌ಗೆ (ಬೆಳಕು ಒಳಗೆ ಚದುರಿ ಮೂಡುವ ಕಲೆ). ಇನ್ನೊಂದು, ಚಿತ್ರದ ಒಂದು ಭಾಗ ಮಬ್ಬಾಗಿಸುವ ಷಟರ್ ದೋಷಕ್ಕೆ. ರಂಗಸ್ಥಳದ ದೀಪ ಇರುವುದೇ ಮೇಲಂಚಿನಲ್ಲಾದ್ದರಿಂದ ಮೊದಲನೆಯದನ್ನು ಕಡೆಗಣಿಸಬೇಡಿ. ಟ್ರೈಪಾಡ್ ತಿರುಪು ಕೂರುವ ತೂತಿನೊಳಗೆ ಸಣ್ಣ ಕಪ್ಪು ಚುಕ್ಕೆ ಇದ್ದರೆ ಆ ತಪಾಸಣೆ ಆಗಿದೆ ಎಂದರ್ಥ. ಎರಡನೆಯದಕ್ಕೆ ಬಿಳಿ ಗೋಡೆಯ ಮುಂದೆ 1/4000ಕ್ಕೆ 20 ಚಿತ್ರ ಒಂದೇ ಸಮನೆ ತೆಗೆದು, ಒಂದೊಂದಾಗಿ ಸರಿಸಿ ನೋಡಿ. ಒಂದರಲ್ಲಾದರೂ ಒಂದು ಅಂಚು ಉಳಿದದ್ದಕ್ಕಿಂತ ಕಪ್ಪಾಗಿದ್ದರೆ ಆ ಬಾಡಿಯನ್ನು ಅಲ್ಲೇ ಬಿಟ್ಟು ಬನ್ನಿ.